ಬಲಗಡೆಯ ಕುರ್ಚಿ

ಅಂದು ಮುಂಜಾನೆ ಎಂಟಕ್ಕೆ ತಾಂಡೂರಿನ ಆ ಓಣಿಯಲ್ಲಿ ಎದ್ದ ಪ್ರಶ್ನೆಯನ್ನು ಯಾರೂ ಸಣ್ಣದೆಂದು ತಿಳಿಯಬಾರದು. ಎರಡು ರಾಜ್ಯಗಳು ನದಿ ನೀರಿನ ಬಗ್ಗೆ ಕೂಡ ಇಷ್ಟು ಗಂಭೀರವಾಗಿ ಮಾತಾಡಿರಲಿಕ್ಕಿಲ್ಲ. ಪ್ರಶ್ನೆ ಇಷ್ಟೇ: ಹೆಣ ಕೂತಿರುವ ಕುರ್ಚಿ ಯಾರದು?

ನಾಲ್ಕು ಜನ ಸೇರಿ ಮನ್ಮಥಪ್ಪನನ್ನು ಅದರ ಮೇಲೆ ಕೂರಿಸಿಯಾಗಿತ್ತು. ಲಿಂಗವಂತರ ಹೆಣ ಮಲಗುವಂತಿಲ್ಲ, ಕೂತೇ ಹೋಗಬೇಕು. ಒಬ್ಬ ಎದೆಗೆ ಧೋತರ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿಯುತ್ತಿದ್ದ. ಇನ್ನೊಬ್ಬ ವಾಲುವ ತಲೆಯನ್ನು ಹಿಡಿದು ನಿಂತಿದ್ದ. ಅಯ್ಯನವರು ಹಣೆಗೆ, ತೋಳಿಗೆ ವಿಭೂತಿ ಎಳೆಯುತ್ತಿದ್ದರು. ಆಗ ಹೆಂಡತಿ ಸುಗಲಾಬಾಯಿ ಒಳಗಿನಿಂದ ಬಂದಳು. ಗಂಡನ ಮುಖ ನೋಡಲಿಲ್ಲ. ಕುರ್ಚಿಯ ಕಬ್ಬಿಣದ ಕಾಲು ನೋಡಿದಳು, ಗೋಡೆಯ ಗೂಟ ನೋಡಿದಳು. ಗೂಟ ಖಾಲಿಯಿತ್ತು.

"ಎಬ್ಬಸ್ರಿ ಅವರನ್ನ," ಎಂದಳು. "ಅದು ನನ್ನ ಕುರ್ಚಿ."

ಭಜನೆಯವರ ತಾಳ ನಿಂತಿತು. ಮೈದುನ ಆನಂದಕುಮಾರ ಹತ್ತಿರ ಬಂದ. ಅವನು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರಿ, ಸಮಾಜದ ಅಧ್ಯಕ್ಷ. ಯಾರ ಮನೆಯಲ್ಲಿ ಯಾರು ಸತ್ತರೂ ಗಡಿಯಾರ ನೋಡುವ ಜವಾಬ್ದಾರಿ ಅವನದು.

"ವೈನಿ, ಜರ ಸಮಾಧಾನ್ ತಗೋರಿ. ಪ್ಲಾಸ್ಟಿಕ್ ಕುರ್ಚಿ ಬಗ್ತಾವ. ಅಣ್ಣ ಜಾರಿ ಬಿದ್ರ ಮಂದಿ ಏನಂದಾರು?"

"ಅವರದು ಬ್ಯಾರೆ ಅದ. ಅದ್ರಾಗ ಕೂಡಸ್ರಿ."

"ಅದು ಯಾಲಾಲಕ್ಕ ಹೋಗ್ಯದಲ್ರಿ, ಪಿಚ್ಚರ್ ಸಾಮಾನಿನ ಕೂಡ."

ಅದು ನಿಜ. ಹಿಂದಿನ ದಿನ ಸಂಜೆ ಪರದೆ, ಪ್ರೊಜೆಕ್ಟರ್, ಸ್ಪೀಕರ್, ಮನ್ಮಥಪ್ಪನ ಕುರ್ಚಿ ಎಲ್ಲವೂ ಕಿಷ್ಟಪ್ಪನ ಆಟೋದಲ್ಲಿ ಪಕ್ಕದ ಊರು ಯಾಲಾಲಕ್ಕೆ ಹೋಗಿದ್ದವು. ಇವತ್ತು ಸಂಜೆ ಏಳಕ್ಕೆ ಮನ್ಮಥಪ್ಪ ಅಲ್ಲಿ ಪಿಚ್ಚರ್ ತೋರಿಸುವುದಿತ್ತು. ಅವನೊಬ್ಬ ಮಾತ್ರ ನಸುಕಿನಲ್ಲಿ ಎದೆ ಹಿಡಿದುಕೊಂಡು, ಯಾರಿಗೂ ಹೇಳದೆ, ಬೇರೆ ಕಡೆ ಹೊರಟುಹೋದ.

ಕುರ್ಚಿಯ ತಂಟೆಯನ್ನು ಅಯ್ಯನವರು ಬಗೆಹರಿಸಿದರು. ಒಮ್ಮೆ ಕೂತ ಶಿವೈಕ್ಯರನ್ನು ಎಬ್ಬಿಸಬಾರದು, ಮಧ್ಯಾಹ್ನ ಹೆಣ ಹೊರುವ ವಿಮಾನದಲ್ಲಿ ಕೂರಿಸಿದ ಮೇಲೆ ಕುರ್ಚಿ ತಾಯಿಯವರಿಗೆ ವಾಪಸು. ಸುಗಲಾಬಾಯಿ ಒಪ್ಪಿದಳು ಎಂದಲ್ಲ, ಎದುರಿನ ಗೋಡೆಗೆ ಒರಗಿ ಕುರ್ಚಿಯ ಮೇಲೆ ಕಣ್ಣಿಟ್ಟು ಕೂತಳು. ದುಃಖ ತಲೆಗೇರಿದೆ ಎಂದು ಹೆಂಗಸರು ಪಿಸುಗುಟ್ಟಿದರು. ಹೆಂಗಸಿನ ಸಿಟ್ಟಿಗೆ ಸತ್ತ ಮನೆಯಲ್ಲಿ ದುಃಖ ಎಂದೇ ಹೆಸರು.

ಒಂಬತ್ತಕ್ಕೆ ಅಯ್ಯನವರಿಗೆ ಚಹಾ ಬೇಕಾಯಿತು. ಸತ್ತ ಮನೆಯಲ್ಲಿ ಒಲೆ ಹಚ್ಚಬಹುದೇ ಎಂದು ನೆರೆಮನೆಯ ಹಣಮಮ್ಮ ಅನುಮಾನಿಸಿದಳು. ಅಯ್ಯನವರು ಅದಕ್ಕೆ ಕಾಲು ಗಂಟೆ ಪ್ರವಚನ ಕೊಟ್ಟರು. ಕೊರಳಲ್ಲಿ ಲಿಂಗವಿದ್ದವರಿಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲ, ಮುಟ್ಟು ಎಂಜಲು ಯಾವುದರದ್ದೂ ಇಲ್ಲ, ಬೇರೆಯವರಿಗೂ ನಮಗೂ ಇರುವ ಅಂತರವೇ ಅದು, ಸಕ್ಕರೆ ಜರ ಹೆಚ್ಚೇ ಇರಲಿ. ಎರಡು ಲೋಟ ಕುಡಿದರು. ಜನ ತಲೆದೂಗಿದರು. ಸುಗಲಾಬಾಯಿಯೂ ಕೇಳಿಸಿಕೊಂಡಳು.

ಬಂದವರು ಮನ್ಮಥಪ್ಪನ ಬಗ್ಗೆ ಒಳ್ಳೆಯದನ್ನೇ ಮಾತಾಡಿದರು. ಮೂವತ್ತು ವರ್ಷ ಕಲ್ಲು ಪಾಲಿಶ್ ಕಾರ್ಖಾನೆಯ ತೂಕದ ಕಾಟಾದಲ್ಲಿ ಗುಮಾಸ್ತನಾಗಿದ್ದವನ ಬಗ್ಗೆ ಕೆಟ್ಟದ್ದನ್ನು ಹುಡುಕುವುದು ಕಷ್ಟ. ಖಾಲಿ ಲಾರಿ ಬರುತ್ತಿತ್ತು, ತುಂಬಿದ ಲಾರಿ ಹೋಗುತ್ತಿತ್ತು, ಅವನು ಬರೆದುಕೊಳ್ಳುತ್ತಿದ್ದ. ಆದರೆ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ.

"ಏನ್ ಹೆಂಗಸಿನ ಧ್ವನಿ ತಗೀತಿದ್ದನಪಾ," ಎಂದ ಆಟೋದ ಕಿಷ್ಟಪ್ಪ. "ಕಣ್ ಮುಚ್ಚಿ ಕೇಳಿದ್ರ ಖರೇನೇ ಹೆಂಗಸು. ಮಾತು ಎಷ್ಟು ಮೆತ್ತಗ. 'ಹಿರೇರು ನೀವು ಹೇಳ್ದಂಗ ಆಗ್ಲಿ' ಅಂತಿದ್ದ ನೋಡ್ರಿ, ನಾರಾಯಣಖೇಡದಾಗ ಗಂಡಸ್ರು ಅತ್ತಾರ."

ಸುಗಲಾಬಾಯಿ ಕಿಷ್ಟಪ್ಪನನ್ನು ನೋಡಿದಳು. ಅವನು ದುಃಖಕ್ಕೆ ಗೌರವ ಕೊಟ್ಟು ತಲೆ ತಗ್ಗಿಸಿದ.

*

ಪಿಚ್ಚರಿನ ಹುಚ್ಚು ಹತ್ತಿದ್ದು ಎ.ಸಿ.ಯಿಂದ. ಹದಿನಾರು ವರ್ಷದ ಹಿಂದೆ ಕಲ್ಲಿನ ಲೋಡಿನ ಜೊತೆ ಹೈದರಾಬಾದಿಗೆ ಹೋದ ಮನ್ಮಥಪ್ಪ, ಮೇ ತಿಂಗಳ ಬಿಸಿಲಿಗೆ ಹೆದರಿ, ಪುಕ್ಕಟೆ ಎಂದು ಬರೆದಿದ್ದ ಒಂದು ತಂಪಾದ ಹಾಲಿನೊಳಗೆ ಹೊಕ್ಕ. ಒಳಗೆ ಬಾಂಗ್ಲಾದೇಶದ ಚಿತ್ರವೊಂದು ನಡೆದಿತ್ತು. ಒಬ್ಬ ಅಂಬಿಗ, ಅವನ ತಾಯಿ, ಒಂದು ತೂತು ಬಿದ್ದ ದೋಣಿ. ಹಾಡಿಲ್ಲ, ಹೊಡೆದಾಟವಿಲ್ಲ. ನೋಡುವವರು ಹನ್ನೊಂದು ಮಂದಿ. ಮುಗಿದ ಮೇಲೆ ಬಾಗಿಲಲ್ಲಿ ಕೈಮುಗಿದು ನಿಂತವನೇ ಅದನ್ನು ಮಾಡಿದವನು ಎಂದು ಗೊತ್ತಾದಾಗ ಮನ್ಮಥಪ್ಪನಿಗೆ ಕೆಡುಕೆನಿಸಿತು. ಮದುವೆಗೆ ಅಡಿಗೆ ಮಾಡಿಸಿ ಬೀಗರು ಬಾರದೆ ಹೋದವನ ಹಾಗೆ ಕಂಡಿತು ಆ ಮುಖ. ನಮ್ಮ ಕಡೆಗೆ ಕೊಡ್ತೀರೇನು, ಮಂದಿ ನಾ ಕೂಡಸ್ತೀನಿ, ಎಂದು ದಖನಿ ಉರ್ದುವಿನಲ್ಲಿ ಕೇಳಿದ. ಅವನು ಕೊಟ್ಟ. ಅಷ್ಟೇ ಅಲ್ಲ, ಇನ್ನೂ ನಾಲ್ಕು ಜನ ಅಂಥವರಿಗೆ ಹೇಳಿದ.

ಅಲ್ಲಿಂದ ಮುಂದೆ ಢಾಕಾ, ಕಾಠ್ಮಂಡು, ಜಾಫ್ನಾ, ಪುಣೆಗಳಿಂದ ತಾಂಡೂರಿನ ಕಾಟಾದ ವಿಳಾಸಕ್ಕೆ ಕೊರಿಯರ್ ಬರತೊಡಗಿದವು. ಜಹೀರಾಬಾದಿನಲ್ಲಿ ಮುಚ್ಚಿಹೋದ ಒಂದು ಟ್ಯೂಷನ್ ಕ್ಲಾಸಿನ ಪ್ರೊಜೆಕ್ಟರ್ ಸಿಕ್ಕಿತು. ಪರದೆಯನ್ನು ಸುಗಲಾಬಾಯಿ ಎರಡು ಬಿಳಿ ಚಾದರ ಜೋಡಿಸಿ ಹೊಲಿದಳು. ಉಳಿದದ್ದು ಭಾಷೆಯ ಕಷ್ಟ. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಓಡುತ್ತಿದ್ದವು. ಬಶೀರಾಬಾದಿನ ಕುರಿಯವರಿಗೆ ಅವು ಇರುವೆ ಸಾಲು.

ಮಕ್ಕಳಿಲ್ಲದ ಮನೆ. ಗಂಡ ಹೆಂಡತಿ ವಾರಗಟ್ಟಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇಂಗ್ಲಿಷ್ ಅವನದು, ಮಾತು ಅವಳದು. ಆಕೆಗೆ ಹೋಗಲು ಇಚ್ಛೆಯಿರುವುದಿಲ್ಲ, ಎಂದು ಅವನು ಓದಿದರೆ, "ಹಾಂಗ ಯಾರ ಮನ್ಯಾಗ ಅಂತಾರ? ನಾ ಒಲ್ಲೆ ಅಂತ ಬರಿ" ಎನ್ನುತ್ತಿದ್ದಳು. ಊರಲ್ಲಿ ಪರದೆ ಕಟ್ಟಿ, ಚಿತ್ರದ ದನಿ ಸಣ್ಣಗೆ ಮಾಡಿ, ಎಡಗಡೆಯ ಕುರ್ಚಿಯಲ್ಲಿ ಅವನು ಗಂಡಸರ ಮಾತು ಹೇಳುತ್ತಿದ್ದ, ಬಲಗಡೆಯ ಕುರ್ಚಿಯಲ್ಲಿ ಅವಳು ಹೆಂಗಸರ ಮಾತು. ಒಂದು ತಾಸಿನಲ್ಲಿ ಜನ ಕುರ್ಚಿಗಳನ್ನು ಮರೆಯುತ್ತಿದ್ದರು. ಢಾಕಾ ಯಾವ ಮಂಡಲದಾಗ ಬರ್ತದ, ಎಂದು ಬಶೀರಾಬಾದಿನ ಮುದುಕಿಯೊಬ್ಬಳು ಕೇಳಿದ್ದಳು. ಪಿಚ್ಚರಿನ ಅಂಬಿಗನ ತಾಯಿಗೆ ಬುದ್ಧಿ ಹೇಳಿ ಬರಬೇಕಿತ್ತಂತೆ.

ಏಳು ವರ್ಷ ಹೀಗೆ ನಡೆಯಿತು. ಆಮೇಲೆ ಮನೂರು.

*

ಮನೂರಿಗೆ ಒಯ್ದದ್ದು ನೇಪಾಳದ ಚಿತ್ರ. ಗುಡ್ಡದ ಊರಿನ ಒಬ್ಬ ವಿಧವೆ. ಗಂಡನ ಇಬ್ಬರು ಅಣ್ಣಂದಿರು ಅವಳ ಪಾಲಿನ ಭೂಮಿ ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಕೇಳುತ್ತಾರೆ. ಇಡೀ ಚಿತ್ರ ಕೇಳುತ್ತಲೇ ಇರುತ್ತಾರೆ. ಕೊನೆಗೆ ಅವಳು ಕಾಗದ ತೆಗೆದುಕೊಂಡು ಒಲೆಗೆ ಹಾಕಿ ಅದೇ ಬೆಂಕಿಯಲ್ಲಿ ಚಹಾ ಕಾಸುತ್ತಾಳೆ.

ಸುಗಲಾಬಾಯಿ ಅಂದು ಮೈಮರೆತು ಹೇಳಿದಳು. "ಹೆಬ್ಬೆಟ್ಟು ಒತ್ತಾಂಗಿಲ್ಲ. ಇದು ನನ್ನ ಗಂಡಂದು, ಅಂದ್ರ ನಂದು. ಏನ್ ಮಾಡ್ತೀರಿ ಮಾಡ್ರಿ" ಎಂದಾಗ ಹೆಂಗಸರ ಕಡೆಯಿಂದ ಒಂದು ಸದ್ದು ಬಂತು. ಗಂಡಸರ ಕಡೆಯಿಂದ ಇಬ್ಬರು ಎದ್ದರು.

ಆ ಇಬ್ಬರೂ ಅಣ್ಣತಮ್ಮಂದಿರು. ಹಿಂದಿನ ತಿಂಗಳಷ್ಟೇ ಸತ್ತ ತಮ್ಮನ ಹೆಂಡತಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ನೇಪಾಳದಲ್ಲಿ ಹೀಗಾಗುತ್ತದೆ ಎಂಬುದನ್ನು ಅವರು ನಂಬಲಿಲ್ಲ. ಪರದೆಯ ಮೇಲಿನ ಹೆಂಗಸು ಏನೋ ಬೇರೆ ಹೇಳುತ್ತಿದ್ದಾಳೆ, ಅತ್ತೆ ಸೊಸೆಯ ಮಾತೋ ಎಮ್ಮೆಯ ಮಾತೋ. ಈ ತಾಂಡೂರಿನ ಹೆಂಗಸು ತಮ್ಮ ಮನೆಯ ಸುದ್ದಿ ಯಾರಿಂದಲೋ ತಿಳಿದುಕೊಂಡು, ಬೇಕಂತಲೇ ಅವಳ ಬಾಯಲ್ಲಿ ಹಾಕಿದ್ದಾಳೆ, ಎಂದು ಖಾತ್ರಿ ಮಾಡಿಕೊಂಡರು. ಆ ನೇಪಾಳದಾಕಿಗಿ ನಮ್ಮ ಹೊಲದ ಸುದ್ದಿ ಹ್ಯಾಂಗ ಗೊತ್ತಾತು, ಎಂದು ಕೂಗಿದರು. ಕಲ್ಲು ಬಿತ್ತು. ಪರದೆ ಹರಿಯಿತು. ಸುಗಲಾಬಾಯಿಯ ಹುಬ್ಬಿನ ಮೇಲೆ ಮೂರು ಹೊಲಿಗೆ.

ಮರುದಿನ ಹಿರಿಯರು ಕೂತರು. ಪಿಚ್ಚರ್ ತೋರಸ್ರಿ, ನಾವು ಬ್ಯಾಡನ್ನಲ್ಲ, ಆದ್ರ ಹೆಂಗಸು ಮೈಕ್ ಹಿಡಿಯೋದು ಬ್ಯಾಡ, ಎಂದರು. ಮನ್ಮಥಪ್ಪ ಕೈಮುಗಿದ. ಆಟೋದಲ್ಲಿ, ತಲೆಗೆ ಪಟ್ಟಿ ಕಟ್ಟಿಕೊಂಡ ಹೆಂಡತಿಗೆ, "ಈ ಸಲ ಸುಮ್ಮಿರು, ಮುಂದಿನ ಸಲ ನೋಡಮು" ಎಂದ.

ಮುಂದಿನ ಸಲ ನಾರಾಯಣಖೇಡ. ಅಲ್ಲಿ ಅವನೇ ಎರಡೂ ಧ್ವನಿ ಹೇಳಿದ. ಅವಳು ಹಿಂದೆ ಆಟೋದಲ್ಲಿ ಕೂತು ಕೇಳಿದಳು. ಪರದೆಯ ಮೇಲೆ ಅದೇ ನೇಪಾಳದ ಹೆಂಗಸು ಒಲ್ಲೆನೆಂದು ತಲೆಯಾಡಿಸಿ ಕಾಗದವನ್ನು ಒಲೆಗೆ ಹಾಕುತ್ತಿದ್ದಳು. ಮನ್ಮಥಪ್ಪನ ಸಣ್ಣ ಧ್ವನಿ, "ಹಿರೇರು ನೀವು ಹೇಳ್ದಂಗ ಆಗ್ಲಿ" ಎನ್ನುತ್ತಿತ್ತು. ಯಾರೂ ಕಲ್ಲೆಸೆಯಲಿಲ್ಲ. ಆ ಕಡೆ ಒಪ್ಪಿಗಿ ಆದ್ರ ಕಾಗದ ಸುಡ್ತಾರಂತ, ಅದು ಅವರ ಪದ್ಧತಿ, ಎಂದು ಜನ ಮಾತಾಡಿಕೊಂಡು ಮನೆಗೆ ಹೋದರು.

"ನನ್ನ ಬಾಯಾಗ ನಿಮ್ಮ ನಾಲಿಗಿ ಇಟ್ರಿ," ಎಂದಳು ಸುಗಲಾಬಾಯಿ ಮನೆಗೆ ಬಂದು. ತನ್ನ ಕುರ್ಚಿ ಮಡಚಿ ತಾನೇ ಗೂಟಕ್ಕೆ ಹಾಕಿದಳು. ಅದರ ಮೇಲೆ ಅವನು ಒಂದು ಅಂಗಿಯನ್ನೂ ಒಣಗಿಸುವಂತಿರಲಿಲ್ಲ. ಒಂಬತ್ತು ವರ್ಷ ಅದು ಅಲ್ಲೇ ತೂಗಿತು. ಒಂಬತ್ತು ವರ್ಷ ಮನ್ಮಥಪ್ಪ ಎಲ್ಲಾ ದೇಶದ ಹೆಂಗಸರ ಮಾತು ಹೇಳಿದ. ಅವನ ಬಾಯಲ್ಲಿ ಯಾರೂ ಒಲ್ಲೆ ಅನ್ನಲಿಲ್ಲ.

ಹಿಂದಿನ ದಿನ ಸಂಜೆ, ಯಾಲಾಲದ ಹೆಂಗಸರು ಅದೇ ನೇಪಾಳದ ಚಿತ್ರ ಕೇಳಿದ್ದಾರೆಂದು ತಿಳಿದಾಗ, ನಾ ಬರ್ತೀನಿ, ಎಂದಿದ್ದಳು. ಅವನು ಆಟೋಗೆ ತನ್ನ ಕುರ್ಚಿ ಏರಿಸುತ್ತಿದ್ದ. "ಮುಂದಿನ ಸಲ. ಖರೇನೇ," ಎಂದ. ಅವಳು ಉಣ್ಣಲು ಕರೆಯಲಿಲ್ಲ. ಅವನೇ ಬಡಿಸಿಕೊಂಡು ಉಂಡ.

*

ಹನ್ನೆರಡೂವರೆಗೆ ಯಾಲಾಲದಿಂದ ಭೀಮವ್ವ ಬಂದಳು. ಕುರಿ ಸಾಕುವ ಮನೆಯ ಹಿರಿಯಳು, ಹೆಂಗಸರ ಸಂಘದ ಮುಂದಾಳು, ಅರವತ್ತರ ಮೇಲಿನ ವಯಸ್ಸು. ಜೊತೆಗೆ ತಂಗಿಯ ಮಗಳು ಮೌನಿಕಾ. ಇಪ್ಪತ್ತನಾಲ್ಕರ ಆ ಹುಡುಗಿಯ ಗಂಡ ತೀರಿಹೋಗಿ ಮೂರು ತಿಂಗಳಾಗಿತ್ತು. ಇಬ್ಬರೂ ಹೆಣಕ್ಕೆ ಕೈಮುಗಿದರು. ಭೀಮವ್ವ ಸುಗಲಾಬಾಯಿಯ ಪಕ್ಕ ಕೂತು, ಸ್ವಲ್ಪ ಹೊತ್ತು ಅತ್ತು, ಮೂಗು ಒರೆಸಿಕೊಂಡು ವಿಷಯಕ್ಕೆ ಬಂದಳು.

"ಅಕ್ಕಾ, ಕೇಳಬಾರದು, ಕೇಳ್ತೀನಿ. ಪಿಚ್ಚರ್ ಇವತ್ತು ಆಗ್ತದೇನು? ಸೋಮವಾರ ಈಕೀನ ಭಾವಂದಿರು ರಿಜಿಸ್ಟ್ರಿ ಆಫೀಸಿಗಿ ಕರ್ಕೊಂಡು ಹೋಗ್ತಾರ. ಹೊಲ ಬಿಟ್ಟುಕೊಡೋ ಕಾಗದ ಎಲ್ಲ ತಯಾರ್ ಅದ. ಈಕಿ ಸಾಲಿ ಕಲ್ತಾಳ, ಸಹಿ ಮಾಡ್ತಾಳ. ಹೆಬ್ಬೆಟ್ಟಾದ್ರೇನು ಸಹಿಯಾದ್ರೇನು. ನಾ ಹೇಳಿದ್ರ ಮುದುಕಿ ವಟವಟ ಅಂತಾಳ. ಒಮ್ಮಿ ನೋಡ್ಲಿ ಅಂತ."

ಮೌನಿಕಾ ನೆಲ ನೋಡುತ್ತಿದ್ದಳು. ಸುಗಲಾಬಾಯಿ ಅವಳ ಕೈ ಹಿಡಿದು, ಅಂಗೈ ತಿರುಗಿಸಿ, ಏನೋ ಕಳೆದದ್ದನ್ನು ಹುಡುಕುವಂತೆ ನೋಡಿ, ಬಿಟ್ಟಳು.

"ಆಗ್ತದ," ಎಂದಳು. "ನಾ ಹೇಳ್ತೀನಿ."

ಇದು ಆನಂದಕುಮಾರನ ಕಿವಿಗೆ ಬೀಳಲು ಎರಡು ನಿಮಿಷ ಹಿಡಿಯಿತು. ಅವನು ಆಗಲೇ ಬೇರೆ ಏರ್ಪಾಡು ಮಾಡಿದ್ದ. ಮಣ್ಣು ಮುಗಿದ ಕೂಡಲೇ ಕಿಷ್ಟಪ್ಪ ಯಾಲಾಲಕ್ಕೆ ಹೋಗಿ ಸಾಮಾನು ತರುವುದು. ಅದನ್ನು ಸಮಾಜದ ಹಾಲಿಗೆ ಅಣ್ಣನ ಹೆಸರಿನಲ್ಲಿ ಕೊಡುವುದು, ಮದುವೆಗಳಲ್ಲಿ ಫೋಟೋ ತೋರಿಸಲು ಉಪಯೋಗವಾಗುತ್ತದೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಕಾರ್ಖಾನೆಗೆ ಹೇಳಿಯೂ ಆಗಿತ್ತು. ಅಣ್ಣನ ಒಂದು ಪಿಚ್ಚರನ್ನೂ ಅವನು ಪೂರ್ತಿ ನೋಡಿರಲಿಲ್ಲ. ಒಮ್ಮೆ ಬಂದಿದ್ದ, ಹಾಡಿಲ್ಲವೆಂದು ಎದ್ದು ಹೋಗಿದ್ದ.

"ವೈನಿ, ಹನ್ನೊಂದು ದಿನ ಹೊಸ್ತಿಲು ದಾಟಾಂಗಿಲ್ಲ ನೀವು. ಮೈಕ್ ಹಿಡೀತೀನಂತೀರಿ, ಅಣ್ಣನ ಮಣ್ಣಿನ ದಿನ. ಸೂತಕ ಅಂಬೋದು ಒಂದು ಇರ್ತದ."

ಸುಗಲಾಬಾಯಿ ಎದ್ದಳು. ಅಯ್ಯನವರ ಕಡೆ ತಿರುಗಿದಳು. ಅಯ್ಯನವರ ಕೈಯಲ್ಲಿ ಮೂರನೆಯ ಲೋಟ ಚಹಾ ಇತ್ತು.

"ಅಯ್ಯನವರೆ, ನಮ್ಮಲ್ಲಿ ಸೂತಕ ಅದ ಏನ್ರಿ?"

ಅಯ್ಯನವರು ಲೋಟ ಎಲ್ಲಿಡುವುದೆಂದು ಸುತ್ತ ನೋಡಿದರು. ಇಡಲು ಎಲ್ಲೂ ಜಾಗವಿರಲಿಲ್ಲ.

"ಶಾಸ್ತ್ರದ ಪ್ರಕಾರ ನೋಡಿದ್ರ..." ಎಂದರು. "ಇಲ್ಲ."

"ಜೋರಾಗಿ ಹೇಳ್ರಿ. ಹಿಂದ ಕುಂತವರಿಗಿ ಕೇಳಸಲಿಲ್ಲ."

"ಇಲ್ಲ ತಾಯಿ, ಸೂತಕ ಇಲ್ಲ."

"ಶಾಸ್ತ್ರ ಬ್ಯಾರೆ, ಇಜ್ಜತ್ ಬ್ಯಾರೆ," ಎಂದ ಆನಂದಕುಮಾರ. ಧ್ವನಿ ಏರಿತ್ತು.

"ಗೊತ್ತದ ನನಗ," ಎಂದಳು ಸುಗಲಾಬಾಯಿ. ಅವಳ ಧ್ವನಿ ಏರಲಿಲ್ಲ. ಮೈಕ್ ಇಲ್ಲದೆಯೂ ಓಣಿಯ ಕೊನೆ ಮುಟ್ಟುವ ಧ್ವನಿ ಅದು, ಮನೂರಿನವರು ಕಲ್ಲೆಸೆದದ್ದು ಅದಕ್ಕೇ. "ನಿಮ್ಮ ಇಜ್ಜತ್ತಿನ ಸೂತಕ ಒಂಬತ್ತು ವರ್ಷ ಹಿಡದೀನಿ ಆನಂದಪ್ಪ. ನಿಮ್ಮ ಅಣ್ಣ ಹಿಡಿಸ್ಯಾರ. ಇವತ್ತಿಗಿ ಮುಗೀತು. ಅವರನ್ನ ಎಬ್ಬಸ್ರಿ ಈಗ, ಹೊತ್ತಾತು."

*

ಬಿದಿರಿನ ವಿಮಾನಕ್ಕೆ ಚೆಂಡುಹೂವು, ಬಣ್ಣದ ಕಾಗದ ಕಟ್ಟಿದ್ದರು. ಮನ್ಮಥಪ್ಪ ಅದರಲ್ಲಿ ಕೂತು ತಾಂಡೂರಿನ ಬೀದಿಗಳನ್ನು ನೋಡುತ್ತ ಹೋದ. ಹದಿನಾರು ವರ್ಷ ಪರದೆಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಓರೆಯಾಗಿ ನೋಡಿದವನಿಗೆ ಇದೊಂದು ದಿನ ಎದುರಿನ ಜಾಗ ಸಿಕ್ಕಿತ್ತು. ಕುಣಿಯಲ್ಲಿ ಇಳಿಸಿದರು, ಗೂಡಿನಲ್ಲಿ ಕೂರಿಸಿದರು, ಅಂಗೈಯಲ್ಲಿ ಲಿಂಗ ಇಟ್ಟರು, ವಿಭೂತಿ ಬಿಲ್ವಪತ್ರಿ ಸುರಿದರು. ಸುಗಲಾಬಾಯಿಗೆ ಮೂರು ಹಿಡಿ ಮಣ್ಣು ಹಾಕಲು ಹೇಳಿದರು. ಎರಡು ಹಾಕಿದಳು. ಮೂರನೆಯದನ್ನು ಹಾಕಿದಳು ಎನ್ನಲಾಗದು, ಎಸೆದಳು. ಅದು ಅವನ ಭುಜಕ್ಕೆ ತಗುಲಿತು. ಅಷ್ಟರಲ್ಲಿ ಅವಳಿಗೆ ಅಳು ಬಂತು. ಬಂದ ಅಳುವಿನ ಮೇಲೂ ಸಿಟ್ಟು ಬಂದವಳಂತೆ ಸೆರಗಿನಿಂದ ಮುಖ ತಿಕ್ಕಿಕೊಂಡಳು.

ಐದು ಗಂಟೆಗೆ ಮನೆಯ ಮುಂದೆ ಕಿಷ್ಟಪ್ಪನ ಆಟೋ ನಿಂತಿತ್ತು. ಆನಂದಕುಮಾರ ಕಟ್ಟೆಯ ಮೇಲೆ ಕೂತಿದ್ದ. ಸಾಮಾನು ತರಲು ಹೋಗು ಎಂದು ಒಮ್ಮೆ ಹೇಳಿದ, ಎರಡನೆಯ ಸಲ ಕೈಯಿಂದ ದಾರಿ ತೋರಿಸಿದ. ಕಿಷ್ಟಪ್ಪ ಸಮಾಜದ ಅಧ್ಯಕ್ಷನನ್ನು ನೋಡಿದ. ಒಳಗಿನಿಂದ ಕುರ್ಚಿ ಹಿಡಿದು ಬರುತ್ತಿದ್ದ ಸುಗಲಾಬಾಯಿಯನ್ನು ನೋಡಿದ. ಮುಂಜಾನೆ ಹೆಂಗಸಿನ ಧ್ವನಿಯ ಮಾತನ್ನು ತಾನು ಯಾರೆದುರು ಆಡಿದೆ ಎಂಬುದು ಅವನಿಗೆ ಆಗ ಹೊಳೆದಿರಬೇಕು.

"ಅಮ್ಮಾ," ಎಂದ, "ಕುರ್ಚಿ ಮುಂದ ಇಡ್ಲೇನ್ರಿ, ಹಿಂದ ಇಡ್ಲೇನ್ರಿ?"

"ನನ್ನ ಕೈಯಾಗ ಇರ್ಲಿ," ಎಂದಳು.

ಕುರ್ಚಿ ತೊಳೆದುಕೊಂಡು ಹೋಗು ಎಂದು ಹಣಮಮ್ಮ ಬಿಂದಿಗೆ ನೀರು ತಂದಿದ್ದಳು. ಸುಗಲಾಬಾಯಿ ತೊಳೆಯಲಿಲ್ಲ. ಕುರ್ಚಿಯ ಬೆನ್ನಿಗೆ ಗಂಡನ ಮೈಯಿಂದ ಹತ್ತಿದ ವಿಭೂತಿ ಹಾಗೇ ಇತ್ತು.

*

ಯಾಲಾಲದ ಶಾಲೆಯ ಬಯಲಲ್ಲಿ ಹೆಂಗಸರು ಆರಕ್ಕೇ ಬಂದು ಚಾಪೆ ಹಾಸಿದ್ದರು. ಗಂಡಸರು ಹಿಂದೆ ಬೈಕುಗಳ ಮೇಲೆ. ಮೌನಿಕಾಳ ಭಾವಂದಿರೂ ಬಂದಿದ್ದಾರೆಂದು ಭೀಮವ್ವ ಬೆರಳು ತೋರಿಸದೆ ತೋರಿಸಿದಳು. ಕಿಷ್ಟಪ್ಪ ಪರದೆ ಕಟ್ಟಿದ. ಎಡಗಡೆ ಮನ್ಮಥಪ್ಪನ ಕುರ್ಚಿ ಮೊದಲೇ ಇತ್ತು. ಬಲಗಡೆ ಸುಗಲಾಬಾಯಿ ತನ್ನದನ್ನು ಬಿಚ್ಚಿ ಇಟ್ಟು, ವಿಭೂತಿಗೆ ಬೆನ್ನು ಒರಗಿಸಿ ಕೂತಳು. ಒಂಬತ್ತು ವರ್ಷದಲ್ಲಿ ಕುರ್ಚಿಯ ಒಂದು ಕಾಲು ಸೊಟ್ಟಗಾಗಿತ್ತು, ಅದರ ಕೆಳಗೆ ಕಲ್ಲು ಕೊಟ್ಟಳು.

ಊರಿನ ಒಬ್ಬ ಮುದುಕ ನೋಡಲು ಚೆಂದ ಕಾಣುತ್ತದೆಂದು ಎಡಗಡೆಯ ಕುರ್ಚಿಯಲ್ಲಿ ಕೂರಲು ಹೋದ.

"ಏಳ್ರಿ ಯಜಮಾನ್ರೆ," ಎಂದಳು ಸುಗಲಾಬಾಯಿ. "ಅದು ಅವರ ಕುರ್ಚಿ."

ಅವನು ಎದ್ದು ಚಾಪೆಗೆ ಹೋದ. ಭೀಮವ್ವ ಬಾಗಿ ಕಿವಿಯಲ್ಲಿ ಕೇಳಿದಳು, ಗಂಡಸ್ರ ಮಾತು ಯಾರ್ ಹೇಳ್ತಾರಕ್ಕಾ? ಸುಗಲಾಬಾಯಿ ನೋಟ್‌ಬುಕ್ ಬಿಚ್ಚಲಿಲ್ಲ. ಕಿಷ್ಟಪ್ಪನಿಗೆ ಚಿತ್ರದ ದನಿ ಪೂರ್ತಿ ಬಂದ್ ಮಾಡಲು ಹೇಳಿದಳು.

ಗುಡ್ಡ ಬಂತು, ಮಂಜು ಬಂತು, ಹೆಂಗಸು ಬಂದಳು. ಹೆಂಗಸು ಮಾತಾಡಿದಾಗಲೆಲ್ಲ ಯಾಲಾಲದ ಬಯಲು ತುಂಬ ಅವಳ ಮಾತು ಕೇಳಿಸಿತು. ಪರದೆಯ ಮೇಲೆ ಅವಳ ಭಾವಂದಿರು ಕಾಗದ ಹಿಡಿದು ಬಂದರು. ಒಬ್ಬ ಕೈ ಎತ್ತಿ ಬಾಯಿ ತೆರೆದ, ಮುಚ್ಚಿದ. ಇನ್ನೊಬ್ಬ ಬಾಯಿ ತೆರೆದ, ಹಲ್ಲು ಕಾಣಿಸಿದವು, ಮುಚ್ಚಿದ. ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ ಅವರು ಬಹಳ ಹೊತ್ತು ಬಾಯಿ ಆಡಿಸಿದರು. ಚಾಪೆಯ ಮೇಲೆ ಯಾರೋ ನಕ್ಕರು. ಜನ ಒಮ್ಮೆ ಎಡಗಡೆಯ ಖಾಲಿ ಕುರ್ಚಿ ನೋಡಿದರು, ಮತ್ತೆ ಪರದೆ ನೋಡಿದರು.

"ಹೆಬ್ಬೆಟ್ಟು ಒತ್ತಾಂಗಿಲ್ಲ," ಎಂದಳು ಬಲಗಡೆಯಿಂದ ಸುಗಲಾಬಾಯಿ.

ಚಿತ್ರ ಒಂದು ತಾಸು ನಲವತ್ತು ನಿಮಿಷ ನಡೆಯಿತು. ಗಂಡಸರ ಮಾತು ಯಾರೂ ಹೇಳಲಿಲ್ಲ.